ಹೆಸರುಕಾಳಿನ ಬಸುರಿ

"ಇಳಿಸಿದ್ಯಲ್ಲ, ಇನ್ನು ಕೈ ತೆಗಿ. ತೊಳೆದಿಟ್ಟ ತರಕಾರಿ ಅದು. ಹೊರೋಕಷ್ಟೇ ನಿಂಗೆ ಹೇಳಿದ್ದು, ಮುಂಡೇದೆ," ಎಂದರು ಗಿರಿಧರ ಭಟ್ಟರು.

ಗುತ್ಯಮ್ಮ ಕೈ ತೆಗೆದಳು. ಅವಳು ತಡೆದು ಹಿಡಿದಿದ್ದ ಟೊಮೇಟೊ ಕ್ರೇಟಿನಿಂದ ಉರುಳಿ ಅಂಗನವಾಡಿಯ ಅಂಗಳಕ್ಕೆ ಬಿತ್ತು. ಹೆಕ್ಕಲು ಬಗ್ಗಿದವಳು ಭಟ್ಟರ ಮುಖ ನೋಡಿ ನೆಟ್ಟಗಾದಳು. ಮಳೆಗೆ ಕುಸಿದ ಮೋರಿಯ ಆಚೆ ಇಲಾಖೆಯ ಜೀಪು ನಿಂತಿತ್ತು. ಅಲ್ಲಿಂದ ಕಾಲೋನಿಗೆ ಒಂದು ಮೈಲಿ ಏರು. ಮೂರು ಸಲ ಹತ್ತಿಳಿದು ನಾಲ್ಕು ಕ್ರೇಟುಗಳನ್ನೂ ಮೂರು ಕಾಳಿನ ಚೀಲಗಳನ್ನೂ ತಲೆಯ ಮೇಲೆ ತಂದದ್ದು ಗುತ್ಯಮ್ಮ ಮತ್ತು ಕೇರಿಯ ಇನ್ನಿಬ್ಬರು ಹೆಂಗಸರು. ತಲೆ ಮುಟ್ಟಿದಾಗ ಏನೂ ಆಗದ ಕ್ಯಾರೆಟ್ಟಿಗೆ ಕೈ ಮುಟ್ಟಿದರೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ.

ಹಕ್ಕಲುಮನೆ ಕಾಲೋನಿಯಲ್ಲಿ ಇಪ್ಪತ್ತೆರಡು ಮನೆಗಳಿವೆ. ಹೊಸನಗರದ ಪೇಟೆ ಹತ್ತೊಂಬತ್ತು ಕಿಲೋಮೀಟರು. ಮೊದಲು ದಿನಕ್ಕೆ ಎರಡು ಬಸ್ಸು ಬರುತ್ತಿದ್ದವು. ಕೊರೊನಾ ಕಾಲದಲ್ಲಿ ನಿಂತವು ಮತ್ತೆ ಬರಲಿಲ್ಲ. ಕೇಳಲು ಹೋದವರಿಗೆ, ಆ ಲೈನಿನಲ್ಲಿ ಜನವೇ ಇಲ್ಲ ಎಂಬ ಉತ್ತರ ಸಿಕ್ಕಿತ್ತು. ತಿರುವಿನಲ್ಲಿ ಒಂದು ಅಂಗಡಿ ಇದೆ. ಅಲ್ಲಿ ಗುಟ್ಕಾ, ಬಿಸ್ಕತ್ತು, ಶಾಂಪೂ, ಉಪ್ಪಿನಕಾಯಿಯ ಪುಟ್ಟ ಪೊಟ್ಟಣ ಸಿಗುತ್ತವೆ. ಅಕ್ಕಿಗೆ ಕೊರತೆಯಿಲ್ಲ, ಪಡಿತರದ್ದು ಇರುತ್ತದೆ. ಕೊರತೆ ಇರುವುದು ಅನ್ನಕ್ಕೆ ಕಲಸಿಕೊಳ್ಳುವುದಕ್ಕೆ. ಗುತ್ಯಮ್ಮನ ಮಗ ಅಂಜನಪ್ಪ ತೀರ್ಥಹಳ್ಳಿ ಕಡೆಯ ಕಲ್ಲುಕೋರೆಯಲ್ಲಿದ್ದಾನೆ. ಹದಿನೈದು ದಿನಕ್ಕೊಮ್ಮೆ ಬರುವಾಗ ಒಂದು ಚೀಲ ತರಕಾರಿ ತರುತ್ತಾನೆ. ಅದು ನಾಲ್ಕು ದಿನ ಬರುತ್ತದೆ. ಉಳಿದ ದಿನ ಅವನ ಹೆಂಡತಿ ಶ್ಯಾಮಲಾ ಉಪ್ಪಿನಕಾಯಿ ಪೊಟ್ಟಣವನ್ನು ಹಲ್ಲಲ್ಲಿ ಹರಿದು ಅತ್ತೆಗೆ ಅರ್ಧ ಹಿಂಡಿ, ತಾನು ಅರ್ಧ ಹಿಂಡಿಕೊಳ್ಳುತ್ತಾಳೆ. ಅವಳಿಗೀಗ ಏಳು ತಿಂಗಳು.

ಆದ್ದರಿಂದಲೇ ಇವತ್ತಿನ ಕಾರ್ಯಕ್ರಮ. ಬಸುರಿಯರು ಏನು ತಿನ್ನಬೇಕೆಂದು ತಿಳಿಸಿಕೊಡಲು ಇಲಾಖೆಯಿಂದ ರಂಜನಾ ಮೇಡಂ ಬಂದಿದ್ದರು. ಊರಿನ ದೊಡ್ಡ ತೋಟದವರಾದ ಗಿರಿಧರ ಭಟ್ಟರು ಅಧ್ಯಕ್ಷರು. ಕಾಲೋನಿಯ ಅರ್ಧ ಜನ ಅವರ ತೋಟಕ್ಕೇ ಕೆಲಸಕ್ಕೆ ಹೋಗುವುದು, ಅವರನ್ನು ಒಡೇರು ಎಂದೇ ಕರೆಯುವುದು.

ಅಂಗನವಾಡಿಯ ಟೀಚರು ದೀಪಶ್ರೀ ಬೆಳಗ್ಗೆ ಏಳಕ್ಕೇ ಬಂದು ಅಂಗಳಕ್ಕೆ ಶುಭ್ರವಾದ ಬಿಳಿ ಬಟ್ಟೆ ಹಾಸಿದ್ದಳು. ಅದರ ಮೇಲೆ ಕಾಳುಗಳಲ್ಲೇ ಒಬ್ಬ ಬಸುರಿಯನ್ನು ಬಿಡಿಸಿದಳು. ಮಂಚದಷ್ಟು ಉದ್ದದ ಚಿತ್ರ. ಸೀರೆಗೆ ತೊಗರಿಬೇಳೆ, ರವಿಕೆಗೆ ಅಲಸಂದೆ, ಕೂದಲಿಗೆ ರಾಗಿ. ಹೊಟ್ಟೆಗೆ ಹೆಸರುಕಾಳು. ಹೊಟ್ಟೆ ಚೆನ್ನಾಗಿ ಉಬ್ಬಿ ಕಾಣಬೇಕೆಂದು ಮೇಡಂ ಹೇಳಿದ್ದರಿಂದ ಅಲ್ಲಿಗೆ ಒಂದು ಚೀಲವನ್ನೇ ಸುರಿದಿದ್ದಳು. ಸುತ್ತ ತಟ್ಟೆಗಳಲ್ಲಿ ಕ್ಯಾರೆಟ್ಟು, ಬೀಟ್‌ರೂಟು, ಹರಿವೆ, ಮೆಂತ್ಯ, ನುಗ್ಗೆ, ಮೊಟ್ಟೆ. ಕಾಲೋನಿಯ ಹೆಂಗಸರು ಆಚೆ ಬದಿಯಲ್ಲಿ ಕೂತು ನೋಡುತ್ತಿದ್ದರು. ಅಷ್ಟು ಹೆಸರುಕಾಳನ್ನು ಒಂದೇ ಕಡೆ ನೋಡಿ ಅವರಿಗೆ ವರ್ಷಗಳಾಗಿದ್ದವು.

ಶ್ಯಾಮಲಾಳನ್ನು ಚಿತ್ರದ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಉಪಕೇಂದ್ರದ ನರ್ಸು ಬೆರಳು ಚುಚ್ಚಿ ರಕ್ತದ ಹಿಮೋಗ್ಲೋಬಿನ್ ನೋಡಿದಳು.

"ಏಳು," ಎಂದಳು ನರ್ಸು.

"ಏಳಾ?" ಎಂದು ರಂಜನಾ ಮೇಡಂ ಮೈಕು ಹಿಡಿದುಕೊಂಡೇ ಕೇಳಿದರು. "ಹನ್ನೊಂದಾದ್ರೂ ಇರಬೇಕು ಕಣಮ್ಮಾ. ಏನ್ ತಿಂದೆ ಬೆಳಗ್ಗೆ?"

ಶ್ಯಾಮಲಾ ಕಾಲಿನ ಹೆಬ್ಬೆರಳು ನೋಡಿದಳು.

"ಬಾಯಿ ಬಿಡು. ಸೊಪ್ಪು ತಿಂತೀಯಾ? ಬೇಳೆ? ಮೊಟ್ಟೆ?"

"ಅನ್ನ," ಎಂದಳು ಶ್ಯಾಮಲಾ.

"ನೋಡಿದ್ರಾ? ಬರೀ ಅನ್ನ. ಇದೇ ನಿಮ್ಮೆಲ್ಲರ ಪ್ರಾಬ್ಲಂ. ಮನೆ ಹಿಂದೆ ನಾಲ್ಕು ಸೊಪ್ಪಿನ ಗಿಡ ಹಾಕ್ಕೊಳ್ಳೋಕೆ ಏನ್ ಕಷ್ಟ? ಬೀಜ ಹಾಕಿದ್ರೆ ತಾನಾಗೇ ಬರುತ್ತೆ."

"ಸೋಮಾರಿಗಳು ಮೇಡಂ," ಎಂದರು ಭಟ್ಟರು, ನಗುತ್ತಲೇ. "ಹೊಟ್ಟೆಗೆ ಬಿದ್ರೆ ಸಾಕು, ಏನ್ ಬಿತ್ತು ಅನ್ನೋದು ಬೇಡ ಇವಕ್ಕೆ."

ಅಷ್ಟರಲ್ಲಿ ಭಟ್ಟರ ಜೇಬಿನಲ್ಲಿ ಫೋನು ಬಡಿಯಿತು. ಕಾಲೋನಿಯಲ್ಲಿ ಸಿಗ್ನಲ್ ಸಿಗುವುದು ಅಂಗನವಾಡಿಯ ಮೆಟ್ಟಿಲ ಮೇಲೆ ಮಾತ್ರ, ಅದೂ ಅದಕ್ಕೆ ಮನಸ್ಸು ಬಂದಾಗ. ಅವರು ಎದ್ದು ಅಲ್ಲಿಗೆ ಹೋಗಿ ಮನೆಯವರೊಡನೆ ತಮ್ಮ ಹವ್ಯಕ ಮಾತಿನಲ್ಲಿ ಮಾತಾಡಿದರು. "ಎಂತದೂ ಇಲ್ಲೆ. ಕಾಲೋನಿಲಿ ಒಂದು ಕಾರ್ಯಕ್ರಮ ಇದ್ದು. ಹ್ಯಾಂಗೆ ಉಣ್ಣವು ಹೇಳಿ ಇವಕ್ಕೆ ಹೇಳಿಕೊಡ್ತಾ ಇದ್ದ. ಇಲ್ಲಿ ನೀರೂ ಕುಡಿತ್ನಿಲ್ಲೆ, ಊಟಕ್ಕೆ ಮನಿಗೇ ಬತ್ತೆ."

ಮೈಕು ಗುತ್ಯಮ್ಮನ ಮುಂದೆ ಬಂತು. "ನೀನು ಅತ್ತೆ ಅಲ್ವಾ? ಸೊಸೆಗೆ ಸೊಪ್ಪು ಮಾಡಿ ಹಾಕ್ಬೇಕು ಅಂತ ಗೊತ್ತಾಗಲ್ವಾ?"

ಗುತ್ಯಮ್ಮ ಎದ್ದು ನಿಂತಳು. ಮೈಕಿನಲ್ಲಿ ಅವಳು ಯಾವತ್ತೂ ಮಾತಾಡಿದವಳಲ್ಲ. ಗದ್ದೆಯಾಚೆ ನಿಂತವರೊಡನೆ ಮಾತಾಡುವಂತೆ ಜೋರಾಗಿಯೇ ಮಾತಾಡಿದಳು.

"ಮಾಡ್ತಿದ್ದೆ ಮೇಡಮ್ಮಾ. ಒಡೇರ ತೋಟ್ದಾಗೆ ಒಂದೆಲಗ ಇತ್ತು, ಕೆಸ ಇತ್ತು. ಕಳೆ ಕೀಳಕ್ ಹೋದೋರು ಸಂಜಿಗೆ ಮಡ್ಲು ತುಂಬ್ಕಂಡ್ ಬರ್ತಿದ್ವಿ. ಈಗ ಒಡೇರು ಕಳೆ ಕೀಳ್ಸಲ್ಲ. ಔಸ್ದಿ ಹೊಡಿಸ್ತಾರೆ. ಏನೂ ಹುಟ್ಟಲ್ಲ."

"ಅದು ತೋಟದ ವಿಷಯ. ಮನೆ ಹಿಂದೆ?"

"ಮನೆ ಹಿಂದೆ ಒಂದ್ ಮೊಳ ಜಾಗ, ಆಮ್ಯಾಲೆ ಒಡೇರ ಬೇಲಿ. ಆ ಮೊಳದಾಗೆ ಬಸಳೆ ನೆಟ್ಟಿದ್ದೆ. ಬಳ್ಳಿ ಬೇಲಿ ಹತ್ತಿತ್ತು. ಬೇಲಿಸಾಲಿಗೂ ಹೊಡಿ ಅಂದ್ರು. ಹೊಡ್ದೆ."

"ಯಾರು ಹೊಡೆದಿದ್ದು?"

"ನಾನೇಯಾ. ಕ್ಯಾನು ಬೆನ್ನಿಗೆ ಹಾಕ್ಕಳೋದು ನಾನೇ ಅಲ್ವಾ. ಮೂರ್ ದಿನಕ್ಕೆ ಸುಟ್ಕಂಡ್ ಹೋತು."

ಯಾರೋ ಕಿಸಕ್ಕನೆ ನಕ್ಕರು. ಗುತ್ಯಮ್ಮ ಮುಂದುವರಿಸಿದಳು. "ಕಾಡಿಂದ ಬಿದ್ರು ಕಳಲೆ ತಂದ್ರೆ ಗಾರ್ಡು ಬುಟ್ಟಿ ಕಿತ್ಕಂತಾನೆ. ಏಡಿ ಹಿಡೀತಿದ್ದ ಗದ್ದೆ ಈಗ ಅಡಿಕೆ ಆಗೇತೆ. ಸಂತಿಗೆ ಹೋಗನ ಅಂದ್ರೆ ಬಸ್ಸಿಲ್ಲ. ನೀವು ಬೀಜ ಅಂದ್ರಲ, ಎಲ್ಲಿ ಹಾಕದು ಅಂತನೂ ಹೇಳ್ಬುಡಿ."

ರಂಜನಾ ಮೇಡಂ ಮೈಕನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮೆಟ್ಟಿಲಿಂದ ಇಳಿದು ಬಂದ ಭಟ್ಟರು ನಗುತ್ತಿರಲಿಲ್ಲ. "ಸಾಕು, ಕೂತ್ಕ," ಎಂದರು. "ಮೇಡಂ, ಫೋಟೋ ತೆಗೆದುಬಿಡಿ. ಹೊತ್ತಾಯ್ತು."

ಫೋಟೋ ತೆಗೆದರು. ಶ್ಯಾಮಲಾಳ ಮಡಿಲಿಗೆ ಮೆಂತ್ಯದ ಕಟ್ಟು, ಎರಡು ಕ್ಯಾರೆಟ್ಟು, ಮೊಟ್ಟೆ ಇಟ್ಟರು. ಮೇಡಂ ಒಂದು ಕಡೆ, ಭಟ್ಟರು ಎರಡು ಮಾರು ದೂರದಲ್ಲಿ ಇನ್ನೊಂದು ಕಡೆ. ನಗಬೇಕೆಂದು ಹೇಳಿದಾಗ ಶ್ಯಾಮಲಾ ನಕ್ಕಳು. ಎರಡು ಸಲ ತೆಗೆದಾದ ಮೇಲೆ ದೀಪಶ್ರೀ ಬಂದು ಮಡಿಲಿಂದ ಮೊಟ್ಟೆ ಎತ್ತಿಕೊಂಡಳು. ಆಮೇಲೆ ಕ್ಯಾರೆಟ್ಟು. ಮೆಂತ್ಯದ ಕಟ್ಟನ್ನು ಶ್ಯಾಮಲಾ ಬಿಡಲಿಲ್ಲ.

"ಬಿಡೇ," ಎಂದಳು ದೀಪಶ್ರೀ ಮೆಲ್ಲಗೆ. "ಇದೇ ಸೆಟ್ಟು ಐದು ಸೆಂಟರಿಗೆ ಹೋಗ್ಬೇಕು. ಮಧ್ಯಾಹ್ನ ಇನ್ನೊಂದು ಊರಲ್ಲಿದೆ. ಕಮ್ಮಿ ಬಂದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ."

ಶ್ಯಾಮಲಾ ಬಿಟ್ಟಳು. ಎರಡು ಎಲೆ ಅವಳ ಮುಷ್ಟಿಯಲ್ಲೇ ಉಳಿದವು. ಅವನ್ನು ಬಾಯಿಗೆ ಹಾಕಿಕೊಂಡಳು.

ಗುತ್ಯಮ್ಮ ಅದನ್ನು ನೋಡಿದಳು.

"ಹ್ಞೂಂ, ಎತ್ತಿ ಕ್ರೇಟು," ಎಂದರು ಭಟ್ಟರು, ತಟ್ಟೆಗಳ ತರಕಾರಿ ಕ್ರೇಟಿಗೆ ಮರಳಿದ ಮೇಲೆ. "ಜೀಪಿಗೆ ಮುಟ್ಟಿಸಿ ಬಂದು ತೋಟಕ್ಕೆ ಹೋಗಿ. ಅರ್ಧ ದಿನದ ಹಾಜರಿ ಹಾಕ್ತೀನಿ."

ಗುತ್ಯಮ್ಮ ಸೆರಗನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು ಕ್ರೇಟು ಎತ್ತಿಕೊಂಡಳು. ಉಳಿದಿಬ್ಬರೂ ಎತ್ತಿಕೊಂಡರು. ಅಂಗಳ ದಾಟಿ, ಮೋರಿಯ ಕಡೆಗೆ ಇಳಿಯುವ ದಾರಿ ಬಿಟ್ಟು, ಅವಳು ಎಡಕ್ಕೆ ತಿರುಗಿದಳು. ಎಡಕ್ಕಿರುವುದು ಅವಳ ಮನೆ. ಹಿಂದಿದ್ದವರು ಒಂದು ಗಳಿಗೆ ನಿಂತು, ಅವಳ ಹಿಂದೆಯೇ ಹೋದರು. ಮನೆಯ ಮುಂದೆ ಮದುವೆ ಸಾವಿಗೆ ಒಲೆ ಹೂಡುವ ಮೂರು ಕಲ್ಲುಗಳಿವೆ. ಅಲ್ಲಿ ಕ್ರೇಟು ಇಳಿಸಿ, ಒಳಗಿಂದ ಮೊರ ತಂದು, ಗುತ್ಯಮ್ಮ ಅಂಗನವಾಡಿಗೆ ವಾಪಸು ಬಂದಳು. ಕಾಳಿನ ಬಸುರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಅವಳ ಹೊಟ್ಟೆಯನ್ನು ಮೊರಕ್ಕೆ ಬಾಚಿಕೊಳ್ಳತೊಡಗಿದಳು.

"ಏಯ್, ಏನ್ ಮಾಡ್ತಿದ್ಯಾ? ಅದು ಸ್ಟಾಕು," ಎಂದರು ರಂಜನಾ ಮೇಡಂ.

"ಬೇಸ್ತೀನಿ."

"ಅದಕ್ಕೆ ನಾನು ಲೆಕ್ಕ ಕೊಡ್ಬೇಕು ಕಣಮ್ಮಾ."

"ಬಸ್ರಿಗೆ ಹಾಕ್ದೆ ಅಂತ ಬರ್ಕಳಿ. ಅದ್ಕೇ ಅಲ್ವಾ ತಂದಿದ್ದು."

ಭಟ್ಟರು ಎರಡು ಹೆಜ್ಜೆ ಮುಂದೆ ಬಂದರು. ಅವಳ ಕೈ ಹಿಡಿದು ನಿಲ್ಲಿಸುವಂತಿರಲಿಲ್ಲ, ಹಿಡಿದರೆ ಮನೆಗೆ ಹೋಗಿ ಸ್ನಾನ ಮಾಡಬೇಕು. "ಬೋಳಿಮುಂಡೆ, ಸೊಕ್ಕು ಬಂತಾ ನಿಂಗೆ? ನಾಳೆಯಿಂದ ತೋಟದ ಗೇಟು ದಾಟಿದ್ರೆ ಕಾಲು ಮುರೀತೀನಿ. ನಿನ್ನ ಕೇರಿಯೋರು ಒಬ್ಬರೂ ಬೇಡ ನಂಗೆ."

"ಆತು ಭಟ್ರೆ," ಎಂದಳು ಗುತ್ಯಮ್ಮ, ತಲೆ ಎತ್ತದೆ. ಕೇರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಡೇರೆ ಎನ್ನದೆ ಅವರನ್ನು ಕರೆದವರು ಆ ಕಾಲೋನಿಯಲ್ಲಿ ಯಾರೂ ಇರಲಿಲ್ಲ. "ಅಡಿಕೆ ಗೊನೆ ನಿಮ್ಮನೇರೇ ಹೊರ್ಲಿ. ಸ್ವಲ್ಪ ಸರೀರಿ, ಬೇಳೆ ಮೇಲೆ ನಿಂತೀರಿ."

ಭಟ್ಟರು ಕೆಳಗೆ ನೋಡಿದರು. ಬಸುರಿಯ ಸೀರೆಯ ಅಂಚಿನ ಮೇಲೆ ಅವರ ಚಪ್ಪಲಿಯಿತ್ತು. ಅವರು ಕಾಲು ತೆಗೆದರು.

ಮೊದಲು ಎದ್ದವಳು ಒಬ್ಬ ಮುದುಕಿ. ಆಮೇಲೆ ನಾಲ್ವರು. ಬೇಳೆಗೊಬ್ಬರು, ಅಲಸಂದೆಗೊಬ್ಬರು ಕೂತು ಬಾಚಿದರು. ಭಟ್ಟರು, ಪೊಲೀಸರಿಗೆ ಹೇಳುವುದಾಗಿ ಹೇಳಿ ಊಟಕ್ಕೆ ಹೋದರು. ಮೇಡಂ ಮೆಟ್ಟಿಲ ಮೇಲೆ ನಿಂತು ಫೋನನ್ನು ಮೇಲೆ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿದರು. ಸಿಗ್ನಲ್ ಬರಲಿಲ್ಲ. ಕ್ರೇಟಿಲ್ಲದೆ ಜೀಪಿಗೆ ಹೋಗುವಂತಿರಲಿಲ್ಲ, ಅವರೊಬ್ಬರೇ ಹೊರುವಂತೆಯೂ ಇರಲಿಲ್ಲ. ಕೊನೆಗೆ ಅಲ್ಲೇ ಕೂತರು.

ಹೆಸರುಕಾಳು, ಬೇಳೆ ಒಂದು ಹಂಡೆಯಲ್ಲಿ ಬೆಂದವು. ತರಕಾರಿಯನ್ನೆಲ್ಲ ಅದಕ್ಕೇ ಹೆಚ್ಚಿ ಹಾಕಿದರು. ಮನೆಮನೆಯಿಂದ ಅಕ್ಕಿ ಬಂತು, ಬೇರೆ ಹಂಡೆಯಲ್ಲಿ ಅನ್ನವಾಯಿತು. ಬೀಟ್‌ರೂಟಿಗೆ ಸಾರೆಲ್ಲ ಕೆಂಪಾಯಿತು. ಎರಡೂವರೆಗೆ ತಟ್ಟೆ ಹಿಡಿದು ಜನ ಸಾಲಾಗಿ ಕೂತರು. ದೀಪಶ್ರೀ ಅಂಗನವಾಡಿಯ ಬಾಗಿಲಲ್ಲಿ ನಿಂತು ನೋಡಿ, ಒಳಗಿನಿಂದ ಮೊಟ್ಟೆಯ ಟ್ರೇ ತಂದು ಗುತ್ಯಮ್ಮನ ಕಾಲಬಳಿ ಇಟ್ಟು ಹೋದಳು.

ಶ್ಯಾಮಲಾಳಿಗೆ ಮೊದಲು ಬಡಿಸಿದರು. ಅವಳು ಬಗ್ಗಿ, ಉಸಿರು ತೆಗೆದುಕೊಳ್ಳದೆ ಉಂಡಳು. ಎರಡನೇ ಸಲ ಹಾಕಿಸಿಕೊಂಡಳು. ಅರ್ಧ ಉಂಡವಳು ಇದ್ದಕ್ಕಿದ್ದಂತೆ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಬೇಲಿಯ ಹತ್ತಿರ ಓಡಿದಳು. ಉಂಡದ್ದೆಲ್ಲ ಅಲ್ಲಿ ಹೋಯಿತು, ಕೆಂಪಗೆ. ಕಾಳು ಹಾಗೆಹಾಗೆಯೇ ಇತ್ತು. ಅಷ್ಟನ್ನು ಒಮ್ಮೆಗೇ ಇಟ್ಟುಕೊಂಡು ಅವಳ ಹೊಟ್ಟೆಗೆ ಅಭ್ಯಾಸವಿರಲಿಲ್ಲ. ಮೆಟ್ಟಿಲ ಮೇಲಿದ್ದ ರಂಜನಾ ಮೇಡಂ ಮುಖ ಆಚೆ ತಿರುಗಿಸಿದರು. ಗುತ್ಯಮ್ಮ ಸೌಟು ಹಿಡಿದು ನಿಂತಳು.

ಶ್ಯಾಮಲಾ ಬೇಲಿಯ ಗೂಟ ಹಿಡಿದು ಸ್ವಲ್ಪ ಹೊತ್ತು ನಿಂತಳು. ಕೊಡದ ನೀರಲ್ಲಿ ಬಾಯಿ ಮುಕ್ಕಳಿಸಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸಾಲಿಗೆ ವಾಪಸು ಬಂದು, ತನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತಟ್ಟೆ ಮುಂದಕ್ಕೆ ಹಿಡಿದಳು.

"ಹಾಕು ಅತ್ತೆ," ಎಂದಳು.