ಅಕ್ಕಯ್ಯಮ್ಮ ನೀರು ಕುಡಿಯುತ್ತಿರಲಿಲ್ಲ

ದೊಡ್ಡಬಳ್ಳಾಪುರದ ಅಕ್ಕಯ್ಯಮ್ಮ ಮಗ್ಗದ ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮಗ ಚೌಡೇಶ್, ಸೊಸೆ ಸ್ನೇಹ ಇಬ್ಬರೂ ಹಗಲೆಲ್ಲ ದುಡಿಯುವವರು. ಚೆನ್ನಾಗಿ ಓಡಾಡುವಂತಾಗುವವರೆಗೆ ಇರಲಿ ಎಂದು ನೆಲಮಂಗಲದ ಹತ್ತಿರ ಹಿರಿಯರ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದರು.

ಒಂದು ಭಾನುವಾರ ಚೌಡೇಶ್ ಎಳನೀರು ತಂದ. ಅಮ್ಮನ ತುಟಿ ಒಣಗಿ ಬಿರಿದಿತ್ತು. ಆದರೂ ಎಳನೀರನ್ನು ಪಕ್ಕಕ್ಕೆ ತಳ್ಳಿದರು.

"ಬೇಡ ಕಣಪ್ಪಾ. ಕುಡಿದ್ರೆ ಹೋಗ್ಬೇಕಾಗುತ್ತೆ. ಇವ್ರು ಎಬ್ಬಿಸಲ್ಲ. ಡೈಪರ್ ಹಾಕಿದೀವಲ್ಲ, ಅದ್ರಲ್ಲೇ ಹೋಗಜ್ಜಿ ಅಂತಾರೆ. ಬಾಗ್ಲು ತೆಗ್ದಿಟ್ಕೊಂಡೇ ಬಟ್ಟೆ ಬದಲಾಯಿಸ್ತಾರೆ. ಓಡಾಡೋ ಗಂಡಸ್ರೆಲ್ಲಾ ನೋಡ್ತಾರೆ."

ಅಷ್ಟು ಹೇಳಿ ಅವರು ಗೋಡೆಯ ಕಡೆ ತಿರುಗಿಕೊಂಡರು.

ಚೌಡೇಶ್ ಊರಿಗೆ ವಾಪಸಾದ. ಪಕ್ಕದ ಮನೆಯ ಪ್ರಿಯಾಂಕ ಆಸ್ಪತ್ರೆಯೊಂದರಲ್ಲಿ ನರ್ಸ್. "ಅಮ್ಮ ಹೆಂಗಿದಾರಣ್ಣ?" ಎಂದು ಅವಳು ಕೇಳಿದಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟ.

"ಅಣ್ಣ, ಹಿಂಗೇ ನೀರು ಬಿಟ್ರೆ ಕಿಡ್ನಿಗೆ ತೊಂದ್ರೆ ಆಗುತ್ತೆ. ಹೋಗಿ ಕೇಳ್ಬೇಕು."

"ಕೇಳಿದ್ರೆ ಆ ಸಿಟ್ಟು ಅಮ್ಮನ ಮೇಲೆ ತೀರಿಸ್ಕೊಂಡ್ರೆ? ನಾವಿರೋದು ಇಲ್ಲಿ, ಅವ್ರಿರೋದು ಅಲ್ಲಿ."

"ಸುಮ್ನಿದ್ರೆ ಚೆನ್ನಾಗ್ ನೋಡ್ಕೊಂತಾರಾ? ಮೊದ್ಲು ಸಮಾಧಾನವಾಗಿ ಮಾತಾಡೋಣ. ಕೇಳ್ಲಿಲ್ಲ ಅಂದ್ರೆ 14567 ಇದೆ, ಹಿರಿಯರ ಸಹಾಯವಾಣಿ. ಫೋನ್ ಮಾಡೋಕೆ ದುಡ್ಡು ಬೇಕಾಗಲ್ಲ. ನಡಿ, ನಾನೂ ಬರ್ತೀನಿ."

ಮರುದಿನ ಇಬ್ಬರೂ ಹೋದರು. ಕೇಂದ್ರದ ಮೇಲ್ವಿಚಾರಕಿ ಕೆಟ್ಟವರಲ್ಲ. ಆದರೆ ಅವರಿಗೂ ಸಾಕಾಗಿತ್ತು. "ಜನ ಸಾಲಲ್ಲಮ್ಮ. ಡೈಪರ್ ಹಾಕಿದ್ರೆ ಸಲೀಸು" ಎಂದರು.

"ಸಲೀಸು ಯಾರಿಗೆ ಮೇಡಂ?" ಎಂದಳು ಪ್ರಿಯಾಂಕ, ಅಕ್ಕಯ್ಯಮ್ಮನ ಮಂಚದ ಪಕ್ಕ ನಿಂತು. "ಡಾಕ್ಟ್ರು ನಡೀಲಿ ಅಂದಿದಾರೆ. ಇವ್ರನ್ನ ಒಂದ್ಸಲ ಕೇಳಿದೀರಾ?"

ಮೇಲ್ವಿಚಾರಕಿ ಮಂಚದ ಹತ್ತಿರ ಬಂದು ಕುಳಿತು, "ಅಕ್ಕಯ್ಯಮ್ಮನವರೇ, ನಿಮ್ಗೇನು ಬೇಕು ಹೇಳಿ" ಎಂದರು.

ಅಲ್ಲಿಗೆ ಬಂದ ಮೇಲೆ ಅವರನ್ನು ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ಅಕ್ಕಯ್ಯಮ್ಮನ ಕಣ್ಣು ತುಂಬಿತು. "ಕೈ ಹಿಡ್ಕೊಂಡ್ರೆ ನಡೀತೀನಿ ತಾಯಿ. ಬಟ್ಟೆ ಬದಲಾಯಿಸುವಾಗ ಬಾಗ್ಲು ಹಾಕ್ರಮ್ಮ."

ಅಂದಿನಿಂದ ಬಟ್ಟೆ ಬದಲಾಯಿಸುವಾಗ ಬಾಗಿಲು ಹಾಕತೊಡಗಿದರು. ಆಯಾ ಕೈ ಹಿಡಿದು ಶೌಚಾಲಯಕ್ಕೆ ಕರೆದೊಯ್ಯುತ್ತಿದ್ದಳು. ಕೆಲವೊಮ್ಮೆ ತಡವಾಗುತ್ತಿತ್ತು, ಆಗ ಅಕ್ಕಯ್ಯಮ್ಮ ಗದರುತ್ತಿದ್ದರು. ಆ ಗದರಿಕೆ ಕೇಳಿ ಚೌಡೇಶನಿಗೆ ಜೀವ ಬಂದಂತಾಯಿತು.

ಮತ್ತೊಂದು ಭಾನುವಾರ ಅಮ್ಮ ಅವನು ತಂದ ಎಳನೀರನ್ನು ಪೂರ್ತಿ ಕುಡಿದರು. ಅವನು ಹೊರಟು ನಿಂತಾಗ ಪಕ್ಕದ ಮಂಚದ ಅಜ್ಜಿಯತ್ತ ಕೈ ತೋರಿಸಿದರು. "ಅಮ್ಮಯಮ್ಮನ್ನ ನೋಡೋಕೆ ಯಾರೂ ಬರಲ್ಲ ಕಣೋ. ಅವಳಿಗೂ ಒಂದ್ಮಾತು ಕೇಳು."

ಕೇಳಲು ಹೆದರಿದ್ದ ಚೌಡೇಶ್ ಈಗ ತಾನಾಗಿಯೇ ಸ್ಟೂಲ್ ಎಳೆದುಕೊಂಡು ಕುಳಿತ. "ಅಮ್ಮಯಮ್ಮ, ನಿಮ್ಗೇನು ಬೇಕಮ್ಮ?"

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮವರೂ ಇಂಥ ಕೇಂದ್ರದಲ್ಲಿದ್ದಾರೆಯೇ? ಹಣ್ಣು ಕೊಟ್ಟು ಹಾಗೇ ಹೊರಟುಬಿಡಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. ಹೇಳಿದರೆ ನಂಬಿ. ತಪ್ಪು ಕಂಡರೆ ಮಾತಾಡಿ, ಸರಿಹೋಗದಿದ್ದರೆ 14567ಕ್ಕೆ ಕರೆ ಮಾಡಿ. ಹಾಸಿಗೆ ಹಿಡಿದವರಿಗೂ ಮಾನವಿದೆ, ಬೇಕು ಬೇಡ ಎನ್ನುವ ಹಕ್ಕಿದೆ. ನೋಡಲು ಯಾರೂ ಬಾರದವರಿಗೂ ಅಷ್ಟೇ ಇದೆ.