ಮಂಜವ್ವನ ಒಡಪು

ನನ್ನ ನಾಲಿಗೆ ಖಾರ ಎಂದು ಅಂತೂರ ಬೆಂತೂರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ಆ ನಾಲಿಗೆಯಿಂದ ನನ್ನ ತಮ್ಮನ ಹೆಂಡತಿ ಮಂಜವ್ವನಿಗೆ ಆದದ್ದನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆ, ಸೀಮಂತಗಳಲ್ಲಿ ಮಾತ್ರ ಹೆಂಗಸರು ಕಾಡಿ ಬೇಡಿ ಹೇಳಿಸುತ್ತಾರೆ. ಆಗಲೂ ಬರೀ ಹೆಸರು ಹೇಳುವಂತಿಲ್ಲ, ಎರಡು ಸಾಲು ಪದ ಕಟ್ಟಿ ಅದರೊಳಗೆ ಸೇರಿಸಬೇಕು. ಅದೇ ಒಡಪು. ಸತ್ತೇ ಹೋಯಿತು ಎಂದುಕೊಂಡಿದ್ದ ಈ ಪದ್ಧತಿಗೆ ನಾಲ್ಕೈದು ವರ್ಷದಿಂದ ಮತ್ತೆ ಜೀವ ಬಂದಿದೆ. ಬೀಸುವ ಪದ, ಸೋಬಾನೆ, ಒಡಪು, ಎಲ್ಲವೂ ಈಗ ಮೊಬೈಲಿನಲ್ಲಿ. ಮದುವೆ ಗೊತ್ತಾದ ಹುಡುಗಿಯರು ಸ್ಕೂಟಿ ಏರಿ ಮಂಜವ್ವನ ಮನೆ ಹುಡುಕಿಕೊಂಡು ಬರುತ್ತಾರೆ. ಆಕೆ ರೊಟ್ಟಿ ಬಡಿಯುತ್ತಲೇ "ಹೆಸರೇನು, ಚಟ ಏನು" ಎಂದು ಎರಡೇ ಮಾತು ಕೇಳುತ್ತಾಳೆ. ಹೆಂಚಿನ ಮೇಲಿನ ರೊಟ್ಟಿ ಮಗುಚುವಷ್ಟರಲ್ಲಿ ಒಡಪು ತಯಾರು. ಸೊರಟೂರಿನ ಸೌಂದರ್ಯಾಗೆ ಕಟ್ಟಿಕೊಟ್ಟದ್ದಂತೂ ಮೂರು ತಾಲ್ಲೂಕು ಸುತ್ತಿತು:

"ಸೊರಟೂರ ಕೆರಿಯಾಗ ಕಪ್ಪಿ ವಟಗುಡತಾವ,
ಅಂಬರೀಶರಾಯರು ಗೊರಕಿ ಹೊಡದ್ರ ಅವೂ ಬಾಯಿ ಮುಚ್ಚತಾವ."

ಊರಿಗೆಲ್ಲ ಒಡಪು ಕಟ್ಟಿಕೊಡುವಾಕೆ ತನ್ನ ಗಂಡನ ಹೆಸರು ಹೇಳದೆ ಹನ್ನೊಂದು ವರ್ಷವಾಗಿತ್ತು. ಅದಕ್ಕೆ ಕಾರಣ ನಾನು.

ತಮ್ಮ ಯಂಕಪ್ಪ ತೀರಿಕೊಂಡ ವರ್ಷವೇ ನನ್ನ ಸೊಸೆಯ ಸೀಮಂತ ಬಂತು. ಹೆಂಗಸರು ರೂಢಿಯಂತೆ "ಮಂಜವ್ವಾ, ನಿಂದೊಂದು ಆಗ್ಲಿ" ಎಂದರು. ಪಾಪ, ಆಕೆ ಎದ್ದು ನಿಂತಳು. ನಾನು ಎಲ್ಲರೆದುರೇ "ಕುಂಡ್ರ ಮಂಜವ್ವಾ. ಆ ಹೆಸರು ಹೇಳೂ ಪಾಳಿ ನಿಂದು ಮುಗದೈತಿ" ಎಂದುಬಿಟ್ಟೆ. ಗಂಡ ಸತ್ತವಳು ಶುಭಕಾರ್ಯದಲ್ಲಿ ಹೆಸರು ಹೇಳಬಾರದೆಂಬ ಶಾಸ್ತ್ರ ನನ್ನ ಬಾಯಲ್ಲಿತ್ತು. ಖರೆ ಹೇಳಬೇಕೆಂದರೆ, ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ಅವನ ಹೆಸರು ಕಿವಿಗೆ ಬಿದ್ದರೆ ನಾಲ್ಕು ಜನರ ನಡುವೆ ಅತ್ತುಬಿಡುತ್ತೇನೆ ಎಂಬ ಹೆದರಿಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆ ಕುಳಿತಳು. ಮರುದಿನ ಏನೂ ಆಗದವಳಂತೆ ನನಗೆ ಮಜ್ಜಿಗೆ ತಂದುಕೊಟ್ಟಳು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಈ ಸಲ ಗದಗಿನಲ್ಲಿ ಒಡಪಿನ ಸ್ಪರ್ಧೆ ಎಂದು ಗೊತ್ತಾದಾಗ ಮಂಜವ್ವನ ಮಗಳು ಮಮತಾ ಅವ್ವನ ಹೆಸರು ಬರೆಸಿ ಬಂದಳು. ಸಂಜೆ ಮಂಜವ್ವ ನನ್ನ ಮನೆಯ ಕಟ್ಟೆಗೆ ಬಂದು ಕುಳಿತಳು.

"ಅಕ್ಕಾರ, ನೀವು ಹೂಂ ಅಂದ್ರ ಅಲ್ಲೆ ಹೇಳತೀನಿ. ಇಲ್ಲಾಂದ್ರ ಇಲ್ಲ."

ಹೂಂ ಎನ್ನಲು ಎಷ್ಟು ಹೊತ್ತು ಬೇಕು? ನನ್ನ ಹಾಳು ಬಾಯಿಗೆ ಅದೂ ಬರಲಿಲ್ಲ. "ನಿನ್ನ ಬಾಯಿ, ನಿನ್ನ ಗಂಡ. ನನ್ನ ಯಾಕ ಕೇಳತಿ?" ಎಂದು ಸಿಡುಕಿದೆ. ಆಕೆ ತಲೆಯಾಡಿಸಿ ಎದ್ದು ಹೋದಳು.

ಸ್ಪರ್ಧೆಯ ದಿನ ಬೆಳಿಗ್ಗೆ ಮಮತಾ ಸಿಟ್ಟಿನಿಂದ ಬಂದಳು. "ಅತ್ತೀ, ಅವ್ವ ಗದಗಕ್ಕ ಬರತಾಳಂತ, ಆದ್ರ ಬಾಯಿ ಬಿಚ್ಚಂಗಿಲ್ಲಂತ. ಸುಮ್ಮನ ಕುಂತು ನೋಡಿ ಬರತಾಳಂತ."

ನಾನೂ ಹೊರಡಲೆಂದು ಒಳಗೆ ಹೋಗಿ ಬೇರೆ ಸೀರೆ ಉಟ್ಟುಕೊಂಡು ಬಂದೆ.

ಸಭಾಭವನ ತುಂಬಿತ್ತು. ಒಬ್ಬೊಬ್ಬರಾಗಿ ಮುತ್ತೈದೆಯರು ಹೇಳಿದರು, ಜನ ನಕ್ಕರು. ನಂತರ ಮೈಕಿನಲ್ಲಿ ಮಂಜವ್ವನ ಹೆಸರು ಕೂಗಿದರು. ಆಕೆ ಏಳಲಿಲ್ಲ, ನನ್ನ ಮುಖ ನೋಡಿದಳು. ಎರಡನೇ ಸಲ ಕೂಗಿದರು.

"ಏಳ ಮಂಜವ್ವಾ," ಎಂದೆ. "ಕುಂಡ್ರ ಅಂದಾಕಿ ನಾನ. ತಪ್ಪಾತು. ನನ್ನ ತಮ್ಮನ ಹೆಸರು ಕೇಳಿ ನನಗೂ ಭಾಳ ದಿನ ಆಗೇತಿ."

ಆಕೆ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ವೇದಿಕೆ ಏರಿ, ಸೆರಗು ಸರಿಮಾಡಿಕೊಂಡು, ರೊಟ್ಟಿ ಬಡಿಯುವಾಗಿನ ದನಿಯಲ್ಲೇ ಹೇಳಿದಳು:

"ಬದುವಿನ ಬಾರಿಹಣ್ಣ ತಂದ್ರು ಟವಲಿನ ಚುಂಗಿಗೆ ಕಟ್ಟಿ,
ಯಂಕಪ್ಪರಾಯರ ಪಾಲಿಗೆ ಇನ್ನೂ ಬುಟ್ಟ್ಯಾಗ ಐತಿ ಬಿಸಿರೊಟ್ಟಿ."

ಯಾರೂ ನಗಲಿಲ್ಲ. ನಾನು ಅತ್ತುಬಿಟ್ಟೆ, ನಾಲ್ಕು ನೂರು ಜನರ ನಡುವೆ, ನಾಚಿಕೆಯಿಲ್ಲದೆ. ಮಂಜವ್ವ ಕೆಳಗೆ ಇಳಿಯುತ್ತಾಳೆ ಎಂದುಕೊಂಡರೆ ಅಲ್ಲೇ ನಿಂತಿದ್ದಳು.

"ಅದು ಅವರು ತೀರಿಕೊಂಡ ವರ್ಷ ಕಟ್ಟಿದ್ದು," ಎಂದಳು. "ಇದು ಮರುವರ್ಷದ್ದು.

ಹೊಲಕ್ಕ ನೀರು ಹಾಯಸಾಕ ನಾ ಯಾರನ ಎಬ್ಬಸಲಿ,
ಯಂಕಪ್ಪರಾಯರ ಮ್ಯಾಲಿನ ಸಿಟ್ಟು ಯಾರ ಮ್ಯಾಲ ಇಳಸಲಿ?"

ಈ ಸಲ ಜನ ನಕ್ಕರು, ಆಕೆಯೂ ನಕ್ಕಳು. ವರ್ಷಕ್ಕೊಂದರಂತೆ ಕಟ್ಟಿ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಮೂರನೆಯದು ಹೇಳಿದಳು, ನಾಲ್ಕನೆಯದು, ಐದನೆಯದು. ಪ್ರತಿಯೊಂದರಲ್ಲೂ ನನ್ನ ತಮ್ಮ ಎದ್ದು ಬಂದು ಹೋದ. ಅಷ್ಟರಲ್ಲಿ ಒಬ್ಬರಿಗೆ ಎರಡೇ ನಿಮಿಷ ಎಂದು ವೇದಿಕೆಯ ಪಕ್ಕ ಕುಳಿತಿದ್ದ ಹೆಣ್ಣುಮಗಳು ಗಂಟೆ ಬಾರಿಸಲು ಕೈ ಎತ್ತಿದಳು. ನಾನು ಎಲ್ಲರ ಕಾಲು ತುಳಿದುಕೊಂಡು ಹೋಗಿ ಅವಳ ಕೈ ಹಿಡಿದೆ.

"ತಡಿಯವಾ, ಆಕೀದು ಇನ್ನೂ ಆರು ವರ್ಷ ಉಳದೈತಿ."