ಬಲಗಡೆ ಚಕ್ರದ ಎರಡನೇ ಸ್ಕ್ರೂ

"ಒಂಬತ್ತನೇ ಕ್ಲಾಸಿನ ಲೆಕ್ಕ ಬಿಡಿಸೋಕಾಗದೆ ಓಡಿಬಂದೋನು, ಇನ್ನು ಸ್ಕ್ರೂ ಬಿಡಿಸ್ತಾನಾ?" ಎಂದರು ಭಾವ, ಕಾಂಪೌಂಡಿಗೆ ಒರಗಿ ನಿಂತಿದ್ದ ಪಕ್ಕದ ಮನೆಯ ಮೂವರಿಗೂ ಕೇಳುವಂತೆ. ಮೂವರೂ ನಕ್ಕರು. ನಾನು ಬಲಗಡೆ ಚಕ್ರ ಕಳಚಿದ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ತಿರುಗಿ ನೋಡಿದರೆ ಸ್ಪ್ಯಾನರ್ ಎಸೆದುಬಿಡುತ್ತೇನೆ ಅನಿಸಿ, ನೋಡಲಿಲ್ಲ.

ಕಾರು ಭಾವನದು. ಬೇಕಾಗಿದ್ದುದು ಅಕ್ಕನಿಗೆ. ಮರುದಿನ ಬೆಳಿಗ್ಗೆ ಏಳಕ್ಕೆ ಅರವತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಹೊಸದಾಗಿ ಸಿಕ್ಕ ನರ್ಸ್ ಕೆಲಸಕ್ಕೆ ಹಾಜರಾಗಬೇಕಿತ್ತು. ಆ ಹೊತ್ತಿಗೆ ಬಸ್ಸಿಲ್ಲ. ಅವಳು ಹೋಗುವುದು ಭಾವನಿಗೆ ಇಷ್ಟವಿಲ್ಲ. ಬೇಡ ಎನ್ನುವ ಎದೆಗಾರಿಕೆಯೂ ಇಲ್ಲ. ಬ್ರೇಕ್ ಸರಿಯಾದರೆ ಹೋಗು, ಇಲ್ಲದಿದ್ದರೆ ದೇವರಿಚ್ಛೆ ಎಂದಿದ್ದರು. ದೇವರನ್ನು ಮುಂದೆ ನಿಲ್ಲಿಸಿ ಹಿಂದೆ ಅಡಗಿಕೊಳ್ಳುವುದರಲ್ಲಿ ಅವರದು ಎತ್ತಿದ ಕೈ.

ಸವೆದ ಬ್ರೇಕ್ ಡಿಸ್ಕ್ ತೆಗೆದು ಹೊಸದು ಕೂರಿಸಬೇಕು. ಅದನ್ನು ಹಿಡಿದಿದ್ದುದು ಎರಡು ಪ್ಲಸ್ ತಲೆಯ ಸ್ಕ್ರೂ. ಒಂದು ಬಂದಿತ್ತು. ಇನ್ನೊಂದು ತುಕ್ಕು ಹಿಡಿದು ಡಿಸ್ಕಿನ ಜೊತೆ ಒಂದೇ ಆಗಿಹೋಗಿತ್ತು. ಎಣ್ಣೆ ಬಿಟ್ಟೆ. ಇನ್ನು ಅರ್ಧ ಗಂಟೆ ಮುಟ್ಟಬಾರದು. ಗ್ಯಾರೇಜಿನ ಮೇಸ್ತ್ರಿ ಎಂಟು ವರ್ಷ ನನ್ನ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದು ಇದನ್ನೇ: ಕೈ ಸುಮ್ಮನಿರಬೇಕು.

ನನ್ನ ಕೈ ಎಲ್ಲಿ ಸುಮ್ಮನಿರುತ್ತದೆ? ಎದ್ದೆ, ಕೂತೆ, ಕಾರಿಗೆ ಎರಡು ಸುತ್ತು ಹಾಕಿದೆ. ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸಿದೆ. ಮೊಬೈಲ್ ನೋಡಿದರೆ ನಾಲ್ಕು ನಿಮಿಷ ಆಗಿತ್ತು. ಭಾವ ಆಗಲೇ ಪಕ್ಕದವರಿಗೆ ನನ್ನ ಮಾರ್ಕ್ಸ್ ಕಾರ್ಡಿನ ಕತೆ ಶುರುಮಾಡಿದ್ದರು. ಅಲ್ಲೇ ಇದ್ದರೆ ಏನಾದರೂ ಆಗುತ್ತದೆಂದು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಅಕ್ಕ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿ ಆಗಿದ್ದ ತೋಳನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದಳು.

"ಆಗುತ್ತೇನೋ?"

"ಆಗುತ್ತೆ ಅಕ್ಕ."

ಹೊರಗೆ ಬಂದಾಗ ಭಾವ ನನ್ನ ಜಾಗದಲ್ಲಿ ಕೂತು, ನನ್ನ ಸ್ಕ್ರೂಡ್ರೈವರಿನಿಂದ ಮೈಮೇಲೆ ಬಂದವರ ಹಾಗೆ ತಿರುಗಿಸುತ್ತಿದ್ದರು. ಸ್ಕ್ರೂವಿನ ತಲೆಯಲ್ಲಿದ್ದ ಪ್ಲಸ್ ಸವೆದು ದುಂಡನೆಯ ಗುಂಡಿಯಾಗಿತ್ತು. ಇನ್ನು ಯಾವ ಸ್ಕ್ರೂಡ್ರೈವರೂ ಅದರಲ್ಲಿ ನಿಲ್ಲುವುದಿಲ್ಲ. ಸುಮ್ಮನೆ ಸ್ವಲ್ಪ ನೋಡಿದೆ ಎನ್ನುತ್ತಾ ಅವರು ಎದ್ದು ಪ್ಯಾಂಟು ಕೊಡವಿಕೊಂಡರು. ಪಕ್ಕದ ಮೂವರಿಗೂ ಇದ್ದಕ್ಕಿದ್ದಂತೆ ಆಕಾಶದಲ್ಲಿ ಏನೋ ಕಂಡಿತು.

ಚಾಣ ತೆಗೆದುಕೊಂಡೆ. ತಲೆಯ ಅಂಚಿಗೆ ಓರೆಯಾಗಿ ಇಟ್ಟು ಸುತ್ತಿಗೆಯಿಂದ ಹೊಡೆದೆ. ಮೊದಲ ಏಟು ಬಿಗಿಯುವ ಕಡೆಗೆ.

"ಬಿಚ್ಚಪ್ಪಾ ಅಂದ್ರೆ ಬಿಗೀತಿದ್ದಾನಲ್ರೀ," ಎಂದ ಮೂವರಲ್ಲಿ ಒಬ್ಬ. ಮತ್ತೆ ನಗು.

ಯಾವ ಕಡೆಗಾದರೂ ಸರಿ, ಕೂದಲೆಳೆಯಷ್ಟು ಅಲುಗಿದರೆ ತುಕ್ಕಿನ ಹಿಡಿತ ಬಿಡುತ್ತದೆ. ಅದನ್ನು ಅವರಿಗೆ ಯಾರು ಹೇಳುತ್ತಾ ಕೂರುತ್ತಾರೆ? ಆಮೇಲೆ ಬಿಚ್ಚುವ ಕಡೆಗೆ ಹೊಡೆದೆ. ಚಾಣ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಮತ್ತೆ ಬಿಗಿಯುವ ಕಡೆಗೆ, ಮತ್ತೆ ಬಿಚ್ಚುವ ಕಡೆಗೆ. ಎಷ್ಟು ಏಟೋ ಲೆಕ್ಕವಿಲ್ಲ. ಕೊನೆಗೆ ಟಕ್ ಎಂದು ಸಣ್ಣ ಸದ್ದು. ತಲೆಯ ಸುತ್ತ ಕೆಂಪು ಪುಡಿ ಉದುರಿತು. ಸಡಿಲವಾದ ಸ್ಕ್ರೂ ಇಕ್ಕುಳಕ್ಕೆ ಸಿಕ್ಕಿ ಹೊರಬಂತು.

ಹೊಸ ಡಿಸ್ಕ್, ಹೊಸ ಸ್ಕ್ರೂ, ಚಕ್ರ. ಹೊತ್ತು ಇಳಿಯುವ ಮೊದಲು ಅಕ್ಕ ಬೀದಿ ಕೊನೆಯ ತನಕ ಓಡಿಸಿ, ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿದಳು. ಕಾರು ನೆಟ್ಟಗೆ ನಿಂತಿತು. ಇಳಿದು ಬಂದವಳು ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಭಾವ ಪಕ್ಕದವರ ಕಡೆ ನೋಡಿ, ನನ್ನ ಕಡೆ ತಿರುಗಿದರು.

"ಒಂದು ಸ್ಕ್ರೂಗೆ ಇಡೀ ಭಾನುವಾರ ನುಂಗಿದೆಯಲ್ಲೋ. ಅದರ ತಲೆ ಹಾಳು ಮಾಡಿಕೊಂಡಿದ್ದೂ ನೀನೇ ಅಲ್ವಾ?"

ಮೂವರಿಗೂ ಗೊತ್ತಿತ್ತು. ಮೂವರೂ ಮತ್ತೆ ಆಕಾಶ ನೋಡತೊಡಗಿದರು. ಉತ್ತರ ನನ್ನ ನಾಲಿಗೆ ತುದಿಗೆ ಬಂದು ಉರಿಯುತ್ತಿತ್ತು. ಆಡಿದರೆ ಭಾವನಿಗೆ ಮುನಿಸಿಕೊಳ್ಳಲು ಒಂದು ಕಾರಣ ಸಿಗುತ್ತದೆ. ಊಟದ ಹೊತ್ತಿಗೆ ಕೀಲಿ ಅವರ ಜೇಬಿನಲ್ಲಿರುತ್ತದೆ. ಅಕ್ಕ ಅವರನ್ನಲ್ಲ, ನನ್ನನ್ನೇ ನೋಡುತ್ತಿದ್ದಳು.

ಸಾಮಾನಿನ ಪೆಟ್ಟಿಗೆ ಎತ್ತಿಕೊಂಡೆ. ನಿನ್ನನ್ನೇ ಕೇಳಿದ್ದು ಎಂದು ಭಾವ ಮತ್ತೊಮ್ಮೆ ಅಂದರು. ಗೇಟು ತೆಗೆದು ಬೀದಿಗಿಳಿದು ನಡೆದೆ.